ಮೌನದ ನಡುವೆ ಎದ್ದು ನಿಂತವಳು

ಫಿಲಡೆಲ್ಫಿಯಾ, ಮೂರನೆಯ ತಿಂಗಳು, 1876

ಅತ್ತಿಗೆ, ನನ್ನ ಕೆಮ್ಮು ಇಳಿದಿದೆ, ಎದೆಬಡಿತ ಏರಿದೆ. ಕಾರಣ ನಿಮ್ಮ ಮಗಳು ಕೆಜಾಯಾ.

ಅವಳು ಕಲಿಯುವ ಇಲ್ಲಿನ ಚಿತ್ರಶಾಲೆಯಲ್ಲಿ ಗಂಡಸರು ಅಂಗಿ ಕಳಚಿದ ಮನುಷ್ಯರನ್ನು ನಿಲ್ಲಿಸಿಕೊಂಡು ಚಿತ್ರ ಬರೆಯುತ್ತಾರೆ. ಹೆಂಗಸರ ಮರ್ಯಾದೆ ಕೆಡಬಾರದೆಂದು ಅವರ ಕೋಣೆಗೆ ಹಸು ತಂದು ಕಟ್ಟುತ್ತಾರೆ. ಅವರಿಗೆ ಆಳು, ಇವರಿಗೆ ಆಕಳು. ಹಸು ನೋಡಿ ಕಲಿತವಳಿಂದ ಯಾರು ತಮ್ಮ ಚಿತ್ರ ಬರೆಸಿಕೊಳ್ಳುತ್ತಾರೆ?

ಮೊನ್ನೆ ಶಾಲೆಯ ಹಿರಿಯರೊಬ್ಬರು ತೀರಿಕೊಂಡು ಸಭೆ ಸೇರಿತ್ತು. ಬೇರೆ ಜಾಗವಿಲ್ಲದೆ ನನ್ನನ್ನು ಅಧ್ಯಕ್ಷರ ಪಕ್ಕ ಕೂರಿಸಿದ್ದರು. ಎಲ್ಲರೂ ಮೌನವಾಗಿರಿ ಎಂದರು ಅವರು. ನಮ್ಮ ದ್ವೀಪದ ಪ್ರಾರ್ಥನೆಯಲ್ಲಿ ಎಲ್ಲರೂ ಸುಮ್ಮನೆ ಕೂತಿರುವಾಗ ಒಳಗಿಂದ ಮಾತು ಬಂದವರು, ಗಂಡಾಗಲಿ ಹೆಣ್ಣಾಗಲಿ, ಎದ್ದು ನುಡಿಯುತ್ತಾರಲ್ಲ, ಕೆಜಾಯಾ ಇದೂ ಅದೇ ಅಂದುಕೊಂಡು ಎದ್ದೇಬಿಟ್ಟಳು.

"ಗೆಳೆಯರೇ, ದೇವರು ನಮಗೂ ಎರಡು ಕಣ್ಣು ಕೊಟ್ಟಿದಾನೆ. ನೀವು ನೋಡಿ ಕಲಿಯೋದನ್ನ ನಮಗೂ ತೋರಿಸಿ."

"ಹೆಂಗಸರು ಸಭೇಲಿ ಮಾತಾಡ್ತಾರೇನ್ರೀ?" ಅಧ್ಯಕ್ಷರು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು.

"ಇವಳ ತಾಯಿ ವಾರವಾರ ಮಾತಾಡ್ತಾರೆ. ಗಂಡಸರು ಕೂತು ಕೇಳ್ತಾರೆ" ಅಂದೆ.

ಅವಳು ಕೂತಾಗ ನಾನು, ಪ್ರಾರ್ಥನೆ ಮುಗಿಸುವಾಗ ನಮ್ಮ ಹಿರಿಯರು ಮಾಡುವಂತೆಯೇ, ಪಕ್ಕದಲ್ಲಿದ್ದ ಅಧ್ಯಕ್ಷರ ಕೈ ಕುಲುಕಿದೆ. ಅವರು ಒಪ್ಪಿದರೆಂದುಕೊಂಡು ಹುಡುಗಿಯರೆಲ್ಲ ಚಪ್ಪಾಳೆ ತಟ್ಟಿದರು. ಪಾಪ, ಅಧ್ಯಕ್ಷರಿಗೆ ಇಲ್ಲವೆನ್ನಲು ದಾರಿಯೇ ಉಳಿಯಲಿಲ್ಲ.

ಇವತ್ತು ಹಡಗುಕಟ್ಟೆಯ ಕೂಲಿಯೊಬ್ಬ ಹುಡುಗಿಯರ ಕೋಣೆಯಲ್ಲಿ ಅಂಗಿ ಕಳಚಿ ನಿಂತ. ಕಾವಲಿಗೆ ಹೋದ ನಾನು ಗೋಡೆ ನೋಡುತ್ತ ಕೂತೆ. ಆದರೂ ಓರೆಗಣ್ಣಿಗೆ ಕೆಜಾಯಾ ಕಂಡಳು. ಅಷ್ಟು ಗಂಡಸರೆದುರು ತಡವರಿಸದವಳು ಮೊದಲ ಗೆರೆಯನ್ನು ಮೂರು ಸಲ ಅಳಿಸಿ ಎಳೆದಳು.

ಹೆಣ್ಣು ಬಾಯಿ ತೆರೆಯಬಾರದ ಊರುಗಳೂ ಇವೆ ಎಂದು ನೀವು ಅವಳಿಗೆ ಹೇಳಿಯೇ ಇರಲಿಲ್ಲ, ಅತ್ತಿಗೆ. ಇನ್ನು ಮುಂದೆಯೂ ಹೇಳಬೇಡಿ.

ನಾದಿನಿ ಫೀಬಿ