ಗುಂಡು ಹಾರದ ಜೋಡಿನಳಿಗೆ

ಮಾರ್ಚ್ ಹನ್ನೆರಡು, ಮಂಗಳವಾರ

ಹಾರುವ ಸೊಳ್ಳೆಯ ಎಡಗಣ್ಣಿಗೆ ಗುರಿಯಿಟ್ಟು ಹೊಡೆಯಬಲ್ಲವನು ಈ ಭೂಮಿಯ ಮೇಲೆ ನಾನೊಬ್ಬನೇ. ಕ್ಷೌರದಂಗಡಿಯಲ್ಲಿ ಅಷ್ಟಕ್ಕೇ ಬಾಯಿ ಮುಚ್ಚಿದ್ದರೆ ಸಾಕಿತ್ತು. ಮನೆಯಲ್ಲಿ ಜೋಡಿನಳಿಗೆ ಬಂದೂಕಿದೆ, ನನ್ನಂಥವನಿಗೆ ಯಾವ ಲೈಸೆನ್ಸು ಎಂದೂ ಸೇರಿಸಿಬಿಟ್ಟೆ.

ಇವತ್ತು ಬೆಳಿಗ್ಗೆ ಪೊಲೀಸರು ಮನೆ ಶೋಧಿಸಲು ಬಂದರು. ಇನ್‌ಸ್ಪೆಕ್ಟರ ಹಿಂದೆ ನಿಂತಿದ್ದವಳು ನನ್ನ ಅಕ್ಕನ ಮಗಳು, ಹೊಸದಾಗಿ ಸೇರಿದ ಕಾನ್‌ಸ್ಟೆಬಲ್. ಮುಖ ಬಿಳಿಚಿಕೊಂಡಿತ್ತು.

ತಾವೇ ಏನನ್ನೂ ತಂದಿಟ್ಟು ನನ್ನನ್ನು ಸಿಕ್ಕಿಸುವುದಿಲ್ಲ ಎಂದು ಖಾತ್ರಿ ಕೊಡಲು ಒಳಗೆ ಕಾಲಿಡುವ ಮೊದಲು ಅವರು ಜೇಬು ತೋರಿಸಬೇಕಂತೆ. ಅವಳು ಜೇಬು ಹೊರಗೆಳೆದಾಗ ಒಂದು ಪೆಪ್ಪರಮೆಂಟು ಬಿತ್ತು. ನಾನು ಎತ್ತಿ ಬಾಯಿಗೆ ಹಾಕಿಕೊಂಡೆ.

“ಮಾವ, ತಮಾಷೆ ಸಾಕು. ಬಂದೂಕು ಸಿಕ್ಕಿದ್ರೆ ನಿಮ್ಮನ್ನ ನಾನೇ ಕರ್ಕೊಂಡು ಹೋಗ್ಬೇಕು,” ಎಂದಳು. ನಾನು ಪೆಪ್ಪರಮೆಂಟು ಚೀಪುವುದನ್ನು ನಿಲ್ಲಿಸಿ ಅಟ್ಟದ ಕಡೆ ಕೈ ತೋರಿಸಿದೆ.

ಅಟ್ಟದಿಂದ ಅವಳೇ ಬಂದೂಕು ಇಳಿಸಿದಳು. ಇನ್‌ಸ್ಪೆಕ್ಟರು ನಳಿಗೆಯೊಳಗೆ ಕಡ್ಡಿ ಹಾಕಿದರು. ಎರಡು ಬೆರಳಿನಷ್ಟು ಹೋಗಿ ನಿಂತಿತು. ಉಗುರಿನಿಂದ ಕೆರೆದರೆ ಕಪ್ಪು ಬಣ್ಣ ಉದುರಿ ಮರ ಕಂಡಿತು.

“ನಾಟಕದ್ದು ಕಣ್ರೀ ಇದು! ಇದಕ್ಕೆ ಲೈಸೆನ್ಸ್ ಬೇಡ. ನಿಮ್ಮ ಬಾಯಿಗೆ ಬೇಕು.”

ಅವಳು ಗೋಡೆಗೆ ಒರಗಿ ಅಳುತ್ತಲೇ ನಕ್ಕಳು. ಎಷ್ಟು ಚೆಂದ ನಗುತ್ತದೆ ಆ ಹುಡುಗಿ! ಹಾಲುಹಲ್ಲು ಬಿದ್ದಾಗಲೂ ಹೀಗೇ.

ಹೋಗುವಾಗ ಕಿವಿಯ ಹತ್ತಿರ ಬಂದು, “ಎಷ್ಟು ಕೊಟ್ರಿ ಮಾವ ಇದಕ್ಕೆ?” ಎಂದಳು.

“ಐನೂರು.”

ರಾಜವಂಶದ್ದೆಂದು ನಂಬಿಸಿ ಮಾರಿದವನು ಎಲ್ಲೇ ಇರಲಿ, ಚೆನ್ನಾಗಿರಲಿ. ಅವನು ನಿಜವಾದದ್ದನ್ನೇ ಕೊಟ್ಟಿದ್ದರೆ ಈ ಹೊತ್ತು ನಾನು ಲಾಕಪ್ಪಿನ ಒಳಗೆ, ಅವಳು ಹೊರಗೆ ಅಳುತ್ತಾ. ಅವನಿಗೆ ಕೊಟ್ಟ ಹದಿನೆಂಟು ಸಾವಿರ ಹೋದರೆ ಹೋಯಿತು.