ಅಂಗಡಿ ಇದ್ದ ಜಾಗದಿಂದ ಐವತ್ತು ಮೀಟರು

ಸಾನ್ ಹೊಸೆ
ಆಗಸ್ಟ್ 4, ಸೋಮವಾರ

ಪ್ರೀತಿಯ ಸಿನಿಯಾ,

ನಿನ್ನ ಹೆಸರಿನ ಮುಂದೆ 'ಪ್ರೀತಿಯ' ಎಂದು ಬರೆಯುವ ಹಕ್ಕು ನನಗಿನ್ನೂ ಇದೆಯೋ ಇಲ್ಲವೋ ತಿಳಿಯದು. ಏಪ್ರಿಲಿನ ಕಾಗದದಲ್ಲಿ 'ಮಾನ್ಯ ವಿದ್ಯಾರ್ಥಿನಿಯವರೇ' ಎಂದು ಬರೆದಿದ್ದೆ. ಒಂದೇ ಬೆಂಚಿನಲ್ಲಿ ಆರು ವರ್ಷ ಪಕ್ಕದಲ್ಲಿ ಕೂತವಳಿಗೆ ಹಾಗೆ ಬರೆಯಲು ಕಷ್ಟವಾಯಿತು ಎಂದು ಹೇಳಿಕೊಳ್ಳಬಹುದಿತ್ತು. ಆಗಲಿಲ್ಲ.

ಪುಸ್ತಕ ಸಿಕ್ಕಿದೆ. ಅದು ನಿನ್ನ ಕೈ ಸೇರಿಯೇ ಇರಲಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಸುತ್ತಿ ಬಳಸಿ ಮಾತಾಡುವ ನನ್ನ ಚಾಳಿ ನಿನಗೆ ಗೊತ್ತೇ ಇದೆ.

ಫೆಬ್ರವರಿಯಲ್ಲಿ ನಮ್ಮ ಗ್ರಂಥಾಲಯಕ್ಕೆ ಬಂದ ದೂರಶಿಕ್ಷಣದ ವಿದ್ಯಾರ್ಥಿಗಳ ಬೇಡಿಕೆಪಟ್ಟಿಯಲ್ಲಿ ನಿನ್ನ ಹೆಸರು ಕಂಡಾಗ ಕುರ್ಚಿಯಿಂದ ಎದ್ದುನಿಂತಿದ್ದೆ. ನಮ್ಮೂರು ಸಾಂತಾ ಎದುವಿಹೆಸ್‌ನಿಂದ ಒಬ್ಬಳು ಟೀಚರ್ ಆಗಲು ಓದುತ್ತಿದ್ದಾಳೆ, ಅದೂ ನಲವತ್ತೇಳರ ವಯಸ್ಸಿನಲ್ಲಿ, ಶಾಲೆಯ ಅಡುಗೆಮನೆಯಲ್ಲಿ ಇನ್ನೂರು ಮಕ್ಕಳಿಗೆ ಅನ್ನ, ಬೀನ್ಸ್ ಬೇಯಿಸುತ್ತ! ಇಡೀ ಗ್ರಂಥಾಲಯಕ್ಕೆ ಹೇಳಿಕೊಂಡು ಓಡಾಡಿದೆ. ಮಕ್ಕಳಿಗೆ ಓದು ಕಲಿಸುವ ಆ ಪುಸ್ತಕ ಕಂಪ್ಯೂಟರಿನಲ್ಲಿ ಸಿಗುವುದಿಲ್ಲ, ನಮ್ಮಲ್ಲಿರುವುದೇ ಎರಡು ಪ್ರತಿ. ಒಂದನ್ನು ನಾನೇ ಒರೆಸಿ, ನಾನೇ ಕಟ್ಟಿದೆ.

ನೀನು ಕೊಟ್ಟ ವಿಳಾಸ 'ಚರ್ಚಿನಿಂದ ಮುನ್ನೂರು ಮೀಟರು ದಕ್ಷಿಣಕ್ಕೆ, ಹಸಿರು ಗೇಟು' ಎಂದಿತ್ತು. ನನಗೆ ನಗು ಬಂತು. ನಮ್ಮೂರಿನಲ್ಲಿ ಯಾರಾದರೂ ಚರ್ಚಿನಿಂದ ದಾರಿ ಹೇಳುತ್ತಾರೆಯೇ? ಬೀದಿಗೆ ಹೆಸರಿಲ್ಲ, ಮನೆಗೆ ನಂಬರಿಲ್ಲ, ಇರುವುದೊಂದೇ ಗುರುತು, ಎವೆಲಿಯೊ ಅವರ ಅಂಗಡಿ. ಅದು ನೆರೆಯಲ್ಲಿ ಹೋಯಿತೆಂದು ಕೇಳಿದ್ದೆ, ಆದರೂ ಆ ಜಾಗ ಎಲ್ಲರಿಗೂ ಗೊತ್ತಲ್ಲ ಎಂದುಕೊಂಡೆ. ಪಾಪ, ಪಟ್ಟಣದವರಿಗೆ ಅರ್ಥವಾಗಲಿ ಎಂದು ಹೀಗೆ ಬರೆದಿದ್ದಾಳೆ ಎಂದುಕೊಂಡೆ. ನಿನ್ನ ಸಾಲನ್ನು ಹೊಡೆದುಹಾಕಿ 'ಎವೆಲಿಯೊ ಅಂಗಡಿ ಇದ್ದ ಜಾಗದಿಂದ ಐವತ್ತು ಮೀಟರು ಪೂರ್ವಕ್ಕೆ, ಹಸಿರು ಗೇಟು' ಎಂದು ಬರೆದೆ. ಮುಖ್ಯಸ್ಥ ದೋನ್ ಎರ್ಮೆಸ್ ಅವರು, ವಿದ್ಯಾರ್ಥಿ ಕೊಟ್ಟ ವಿಳಾಸ ತಿದ್ದುವ ಪದ್ಧತಿ ನಮ್ಮಲ್ಲಿಲ್ಲವಲ್ಲ ಎಂದರು. ನಾನು ಅದೇ ಊರಿನವಳು ಎಂದು ಬಾಯಿ ಮುಚ್ಚಿಸಿದೆ. ಆ ಊರಿಗೆ ಕಾಲಿಟ್ಟು ಇಪ್ಪತ್ತಮೂರು ವರ್ಷವಾಗಿದೆ ಎಂದು ಮಾತ್ರ ಹೇಳಲಿಲ್ಲ.

ಅಂಚೆಯವರ ಚೀಟಿ 'ತಲುಪಿದೆ, ಸಹಿ ಇದೆ' ಎಂದು ಮರಳಿ ಬಂತು. ಸಹಿ ಗೀಚುಗೀಚಾಗಿತ್ತು, ಅವಸರದಲ್ಲಿ ಹಾಕಿದ್ದಾಳೆ ಎಂದುಕೊಂಡೆ. ಗಡುವು ಮುಗಿದರೂ ಪುಸ್ತಕ ಬರಲಿಲ್ಲ. ಬಂದೇ ಇಲ್ಲ ಎಂದು ನೀನು ಮೂರು ಸಲ ಬರೆದೆ. ಅಂಗಡಿಗಳಲ್ಲಿ ಸಿಗದ ಪುಸ್ತಕವನ್ನು ಹೀಗೆಯೇ ಇಟ್ಟುಕೊಂಡವರನ್ನು ನೋಡಿ ನೋಡಿ ನನ್ನ ಮನಸ್ಸು ಕಲ್ಲಾಗಿತ್ತು. ನಿನ್ನ ಗ್ರಂಥಾಲಯದ ಖಾತೆಯನ್ನು ಮುಚ್ಚಿಬಿಟ್ಟೆ. ಖಾತೆ ಮುಚ್ಚಿಹೋದವರು ಕೊನೆಯ ಪರೀಕ್ಷೆಗೆ ಹೆಸರು ಕೊಡುವಂತಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಜುಲೈಯೊಳಗೆ ಪಾಸಾದರೆ ಒಂದನೇ ತರಗತಿಯ ಟೀಚರ್ ಕೆಲಸ ನಿನಗೇ ಎಂದು ಶಾಲೆಯವರು ಮಾತು ಕೊಟ್ಟಿದ್ದನ್ನೂ ನೀನೇ ಹೇಳಿದ್ದೆ.

ಅವತ್ತು ಫೋನಿನಲ್ಲಿ ನೀನು ಅಳಲಿಲ್ಲ, ಕೂಗಾಡಲಿಲ್ಲ. "ಫ್ಲೋರಿ, ನಾನು ಅನ್ನ ಬೇಯ್ಸೋಳೇ ಇರಬಹುದು ಕಣೇ. ಪುಸ್ತಕ ಕದಿಯೋಳಲ್ಲ" ಅಂದೆ. ನಮ್ಮೂರಿನ ಮರ್ಯಾದೆ ಕಳೆಯಬೇಡ ಎಂದು ನಾನು ಫೋನಿಟ್ಟೆ. ಈಗ ಅದನ್ನು ನೆನೆದರೆ ಮುಖ ಎಲ್ಲಿಟ್ಟುಕೊಳ್ಳಲಿ ಅನ್ನಿಸುತ್ತದೆ.

ಕಳೆದ ಶುಕ್ರವಾರ ಪುಸ್ತಕ ವಾಪಸು ಬಂತು, ಪೊಟ್ಟಣವನ್ನು ಯಾರೋ ಬಿಚ್ಚಿ ಮತ್ತೆ ಕಟ್ಟಿದ್ದರು. ಜೊತೆಗೆ ಚೀಟಿ: "ಇಲ್ಲಿ ಸಿನಿಯಾ ಅನ್ನೋರು ಯಾರೂ ಇಲ್ಲ. ನಮ್ಮಮ್ಮಂಗೆ ಓದೋಕೆ ಬರಲ್ಲ, ಸರ್ಕಾರದೋರು ಏನೋ ಕಳ್ಸಿದಾರೆ ಅಂತ ಸಹಿ ಗೀಚಿ, ದೇವರ ಪಟದ ಹಿಂದೆ ಎತ್ತಿಟ್ಟಿದ್ರು. ನೆರೆ ಬಂದ್ಮೇಲೆ ಎವೆಲಿಯೊ ಅಂಗಡಿ ಸೇತುವೆ ಈ ಕಡೆ ಬಂತು, ಆಮೇಲೆ ಇಲ್ಲೂ ಮುಚ್ಚೋಯ್ತು. ಈಗ 'ಅಂಗಡಿ ಇದ್ದ ಜಾಗ' ಅಂದ್ರೆ ಇದೇ. ವಿಳಾಸ ಬರ್ದೋರು ನಮ್ಮೂರು ನೋಡಿ ಎಷ್ಟು ವರ್ಷ ಆಯ್ತೋ!"

ಎರಡು ಹಸಿರು ಗೇಟು, ಅಂಗಡಿ ಇದ್ದ ಎರಡು ಜಾಗ. ಊರಿನಲ್ಲೇ ಇರುವ ನಿನಗೆ ಅದು ಗೊತ್ತಿದ್ದುದರಿಂದಲೇ ಚರ್ಚಿನಿಂದ ದಾರಿ ಹೇಳಿದ್ದೆ. ನಾನು ಜಾಣೆ, ತಿದ್ದಿದೆ.

ಖಾತೆ ತೆರೆದಿದ್ದೇನೆ. ಆದರೆ ನೋಂದಣಿ ಮುಗಿದ ಮೇಲೆ ಇಂಥ ತಪ್ಪು ಬೆಳಕಿಗೆ ಬಂದರೆ ಪರೀಕ್ಷಾ ವಿಭಾಗ ಏನೂ ಮಾಡುವುದಿಲ್ಲ, ಬರುವ ವರ್ಷ ಬರೆಯಿರಿ ಎನ್ನುತ್ತಾರೆ. ಒಂದನೇ ತರಗತಿಗೆ ಡಿಸೆಂಬರಿನವರೆಗೆ ಬೇರೊಬ್ಬರು ತಾತ್ಕಾಲಿಕವಾಗಿ ಬಂದಿದ್ದಾರಂತೆ. ಅಷ್ಟರೊಳಗೆ ನೀನು ಪಾಸಾಗದಿದ್ದರೆ ಅವರೇ ಖಾಯಂ ಎಂದು ಕೇಳಿದೆ. ನನ್ನಿಂದ ಆದದ್ದು ಇದು. ಕ್ಷಮಿಸು ಎಂದು ಕೇಳಲು ನಾಚಿಕೆಯಾಗುತ್ತದೆ, ಆದರೂ ಕೇಳುತ್ತೇನೆ. ಪುಸ್ತಕ ಇದರೊಂದಿಗಿದೆ. ಎಷ್ಟು ದಿನ ಬೇಕಾದರೂ ಇಟ್ಟುಕೋ.

ನಿನ್ನ ಗೆಳತಿಯಾಗಿದ್ದ
ಫ್ಲೋರಿಬೆತ್

ಮರೆತ ಮಾತು: ಮರೆತದ್ದಲ್ಲ, ಬಚ್ಚಿಟ್ಟದ್ದು. ಪುಸ್ತಕ ಬಂದದ್ದು ಕಳೆದ ಶುಕ್ರವಾರವಲ್ಲ, ಮೇ ಒಂಬತ್ತಕ್ಕೆ. ನೋಂದಣಿ ಮುಗಿಯಲು ಇನ್ನೂ ಹನ್ನೊಂದು ದಿನ ಇತ್ತು. ದೋನ್ ಎರ್ಮೆಸ್ ಅವರ ಮುಂದೆ ತಲೆ ತಗ್ಗಿಸಲಾರದೆ, ನಾಳೆ ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿದೆ. ನಿನಗೆ ಕಳಿಸಲೆಂದು ಬೆಳಿಗ್ಗೆ ಹೊಸ ಕಾಗದ ಸುತ್ತಿದ್ದೆ. ಈಗ ಬಿಚ್ಚಿ, ಪುಸ್ತಕ ವಾಪಸು ಬಂದಾಗಿನ ಹಳೆಯ ಕಾಗದವನ್ನೇ ಸುತ್ತಿದ್ದೇನೆ. ಅಂಚೆಯ ಮುದ್ರೆಯಲ್ಲಿ ತಾರೀಖು ಸ್ಪಷ್ಟವಾಗಿದೆ. ಅದನ್ನು ಹರಿಯಬೇಡ. ಗಡುವಿನೊಳಗೇ ನಮಗೆ ಗೊತ್ತಿತ್ತು ಎಂದಾದರೆ ಪರೀಕ್ಷಾ ವಿಭಾಗದವರು ನಿನಗೆ ಬೇರೆ ಪರೀಕ್ಷೆ ಕೊಡಲೇಬೇಕು. ಈ ಕಾಗದವನ್ನೂ ಜೊತೆಗಿಟ್ಟು ತೋರಿಸು. ನನ್ನ ಕೆಲಸ ಹೋಗುತ್ತದೆ ಎಂದು ನೀನು ಹಿಂದೆಗೆಯುತ್ತೀಯ, ನನಗೆ ಗೊತ್ತು. ಅದಕ್ಕೇ ಇದರ ಇನ್ನೊಂದು ಪ್ರತಿಯನ್ನು ಅವರಿಗೆ ಆಗಲೇ ಕೊಟ್ಟಿದ್ದೇನೆ.