ನಮ್ಮಕ್ಕ ನೆಲದ ಮೇಲೆ ಕೂರಲ್ಲ

ಅಜ್ಜಂಪುರ
ಭಾನುವಾರ, 9-2-2025

ಚಿ॥ ಓಂಕಾರೇಶನಿಗೆ ಅಕ್ಕನ ಆಶೀರ್ವಾದ. ಚಿರಂಜೀವಿ ಎಂದು ಬರೆಯುವಾಗ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಆದರೂ ಬರೆದಿದ್ದೇನೆ, ಎಷ್ಟಾದರೂ ತಮ್ಮ.

ಮೊದಲು ನಿನ್ನ ಆರೋಗ್ಯದ ವಿಷಯ. ಬಿ.ಪಿ. ಮಾತ್ರೆ ತಪ್ಪದೆ ನುಂಗುತ್ತಿದ್ದೀಯಾ? ಲ್ಯಾಬಿಗೆ ಹೊರಡುವ ಗಡಿಬಿಡಿಯಲ್ಲಿ ಮರೆಯುತ್ತೀಯ ಎಂದು ನಿನ್ನ ಹೆಂಡತಿ ಯಶೋದಾನೇ ಹೋದ ಸಲ ಫೋನಿನಲ್ಲಿ ಹೇಳಿದಳು. ಇವತ್ತಿನದು ನುಂಗಿರದಿದ್ದರೆ ಎದ್ದು ಹೋಗಿ ನುಂಗಿ ಬಂದು, ಆಮೇಲೆ ಮುಂದೆ ಓದು. ತಿರುವನಂತಪುರದಲ್ಲಿ ಸೆಕೆ ಶುರುವಾಗಿರಬೇಕು. ಇಲ್ಲಿ ಶಿವರಾತ್ರಿ ಇನ್ನೂ ಬಂದಿಲ್ಲ, ಆಗಲೇ ಮಧ್ಯಾಹ್ನ ಹೊರಗೆ ಕಾಲಿಡುವ ಹಾಗಿಲ್ಲ. ನನ್ನ ಮಗ ಸೊಸೆ ಇಬ್ಬರೂ ಚೆನ್ನಾಗಿದ್ದಾರೆ. ಗುರುಮೂರ್ತಿ ಕೊಬ್ಬರಿ ಮಂಡಿ, ಕಡೂರು ಎಂದು ಓಡಾಡುತ್ತಾನೆ, ದೀಪಶ್ರೀ ಶಾಲೆಗೆ ಹೋಗಿ ಬರುತ್ತಾಳೆ. ನಾವೆಲ್ಲ ಇಲ್ಲಿ ಕ್ಷೇಮ ಎಂದು ಬರೆಯುವುದು ರೂಢಿ. ನಾನು ಕ್ಷೇಮವಾಗಿಲ್ಲ, ಸಿಟ್ಟಿನಲ್ಲಿದ್ದೇನೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ನನ್ನ ಮಾತು ಮುಗಿಯುವುದಕ್ಕೆ ಬಿಡುವುದಿಲ್ಲ, “ಅಕ್ಕಾ, ಮೀಟಿಂಗ್ ಇದೆ, ಆಮೇಲೆ ಮಾಡ್ತೀನಿ” ಎಂದು ಇಟ್ಟುಬಿಡುತ್ತೀಯ. ಕಾಗದವಾದರೆ ನಡುವೆ ಬಾಯಿ ಹಾಕುವುದಕ್ಕೆ ಆಗುವುದಿಲ್ಲ.

ಮಗಳು ಅಶ್ವಿನಿ ಬಾಣಂತನಕ್ಕೆ ಬಂದಿದ್ದಾಳೆ. ಯುಗಾದಿಯ ಆಸುಪಾಸಿಗೆ ಹೆರಿಗೆ ಅಂದಿದ್ದಾರೆ. ಚೊಚ್ಚಲು, ಹೆದರಿಕೆ ಇದೆ, ಆದರೆ ಮುಖ ತುಂಬಿಕೊಂಡು ಲಕ್ಷಣವಾಗಿ ಕಾಣುತ್ತಾಳೆ. ಬಂದ ದಿನವೇ ಬಚ್ಚಲ ಬಾಗಿಲಲ್ಲಿ ನಿಂತು, “ಅಮ್ಮಾ, ಮಗೂನ ನೀನೇ ಎರೀಬೇಕು ಕಣಮ್ಮ, ನಿನ್ನ ಕಾಲ್ಮೇಲೆ ಹಾಕ್ಕೊಂಡು” ಎಂದಳು. ನಾನು ಒಲೆಯ ಕಡೆ ಹೋದೆ. ಮಗುವನ್ನು ಎರೆಯುವುದು ಎಂದರೇನು ಎಂದು ನಿನಗೆ ನೆನಪಿಸಬೇಕಾಗಿದೆ, ಯಾಕೆಂದರೆ ನೀನು ಮರೆತಿರುವ ಹಾಗೆ ಕಾಣುತ್ತದೆ. ಬಚ್ಚಲಲ್ಲಿ ಮಣೆ ಹಾಕಿಕೊಂಡು, ಸೀರೆ ಮೊಣಕಾಲ ತನಕ ಎತ್ತಿ ಕಟ್ಟಿ, ಎರಡೂ ಕಾಲು ಜೋಡಿಸಿ ಉದ್ದಕ್ಕೆ ನೀಡಿ ಕೂರಬೇಕು. ಮಗು ಮಲಗುವುದು ಆ ಕಾಲುಗಳ ಮೇಲೆ. ಎಣ್ಣೆ ಹಚ್ಚಿ ಕೈಕಾಲು ನೀವಿ, ಬೋರಲು ಹಾಕಿ ಬೆನ್ನು ತಿಕ್ಕಿ, ಬಿಸಿನೀರನ್ನು ಅಂಗೈಯಲ್ಲಿ ತಡೆದು ತಡೆದು ಹುಯ್ಯಬೇಕು. ಅಷ್ಟೂ ಹೊತ್ತು ಮುಂದಕ್ಕೆ ಬಗ್ಗಿಯೇ ಇರಬೇಕು. ಈ ಬೀದಿಯಲ್ಲಿ ನಾನು ಎರೆಯದ ಮಕ್ಕಳು ಕಡಿಮೆ. ಅವ್ವ ಹಾಸಿಗೆ ಹಿಡಿದಿದ್ದಾಗ ನಿನ್ನನ್ನು ಎರೆದವಳೂ ನಾನೇ, ಆಗ ನಾನಿನ್ನೂ ಲಂಗ ತೊಡುತ್ತಿದ್ದೆ. ನೀರು ಬಿದ್ದ ಕೂಡಲೇ ಊರು ಒಂದಾಗುವ ಹಾಗೆ ಕಿರುಚುತ್ತಿದ್ದೆ ನೀನು, ಎರೆದಾದ ಮೇಲೆ ಸಾಂಬ್ರಾಣಿ ಹೊಗೆ ಹಾಕುವಷ್ಟರಲ್ಲಿ ನಿದ್ದೆ ಹೋಗಿರುತ್ತಿದ್ದೆ. ಸೊಂಟದ ಆಪರೇಷನ್ ಆದ ಮೇಲೆ ನಾನು ನೆಲದ ಮೇಲೆ ಕೂರುವಂತಿಲ್ಲ. ಕೂತು ಮುಂದಕ್ಕೆ ಬಗ್ಗಿದರೆ ಹೊಸ ಕೀಲಿನ ಗುಂಡು ಬಟ್ಟಲಿನಿಂದ ಜಾರಿ ಆಚೆ ಬರಬಹುದು ಎಂದು ಡಾಕ್ಟರು ಹೇಳಿದ್ದು ನಿನ್ನ ಮುಂದೆಯೇ.

ಇದನ್ನು ನಿನಗೆ ಫೋನಿನಲ್ಲಿ ಹೇಳಿಕೊಂಡು ಅತ್ತೆ. ನೀನು ಏನು ಹೇಳಿದೆ? “ಅದಕ್ಯಾಕಕ್ಕಾ ಬೇಜಾರು, ಒಂದು ಟಬ್ ತರಿಸಿ, ಆನ್‌ಲೈನಲ್ಲಿ ಒಳ್ಳೊಳ್ಳೇವು ಸಿಗ್ತವೆ.” ಅಷ್ಟು ಹೇಳಿ ಮೀಟಿಂಗಿಗೆ ಹೋದೆ. ಟಬ್ಬು ಬಂದಿದೆ, ಅದರಲ್ಲಿ ದೀಪಶ್ರೀ ಒಗೆಯುವ ಬಟ್ಟೆ ನೆನೆಸುತ್ತಾಳೆ. ಬೇರೆ ಯಾರನ್ನಾದರೂ ಕರೆಸೋಣ ಎಂದಳು ಅವಳು. ಯಾರಿದ್ದಾರೆ ಈಗ? ಎದುರುಮನೆ ಸುಗ್ರಾಬಿಯ ಮೊಮ್ಮಕ್ಕಳನ್ನೆಲ್ಲ ನಾನೇ ಎರೆದವಳು, ಆ ಋಣಕ್ಕೆ ಪಾಪ ಅವಳು ತಾನೇ ಬಂದು, “ನಾನ್ ಬಂದು ಎರೀತೀನಿ ಬುಡಕ್ಕಾ, ಆದ್ರೆ ಒಂದ್ಸಲ ಕೂತ್ರೆ ನನ್ನ ಎಬ್ಸೋಕೆ ಇಬ್ರು ಬೇಕು” ಎಂದಳು. ಇಬ್ಬರೂ ನಕ್ಕೆವು. ಅವಳು ಹೋದ ಮೇಲೆ ನನಗೆ ನಗು ಬರಲಿಲ್ಲ.

ಟಬ್ಬಿನ ಮಾತಿಗೇ ಆಗಿದ್ದರೆ ನಾನು ಇಷ್ಟು ಉರಿಯುತ್ತಿರಲಿಲ್ಲ, ಎರಡು ದಿನ ಮಾತು ಬಿಟ್ಟು ಸುಮ್ಮನಾಗುತ್ತಿದ್ದೆ. ಉರಿ ಹತ್ತಿಕೊಂಡದ್ದು ಬೇರೆ ಕಡೆ. ಹೋದ ತಿಂಗಳು ಕಡೂರಿನ ಕಾಲೇಜಿನಲ್ಲಿ ನಿನಗೆ ಸನ್ಮಾನ ಮಾಡಿದರಲ್ಲ, ನಮ್ಮನ್ನೆಲ್ಲ ಮುಂದಿನ ಸಾಲಿನ ಮೆತ್ತೆ ಕುರ್ಚಿಯಲ್ಲಿ ಕೂರಿಸಿದ್ದರು. ನೀನು ಮಾತಾಡಿದ್ದು ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ವಿಮಾನದ ಭಾಗಗಳಿಗೆ ಬಳಸುವ ಟೈಟಾನಿಯಂ ಜಾತಿಯ ಲೋಹವೇ ಮನುಷ್ಯನ ಸೊಂಟಕ್ಕೂ ಆಗುತ್ತದೆ ಎಂದೆ. ಲೋಹಕ್ಕೂ ದಣಿವಾಗುತ್ತದೆ, ಬಗ್ಗಿಸಿ ಬಗ್ಗಿಸಿ ಎಲ್ಲಿ ಬಿರುಕು ಬಿಡುತ್ತದೆ ಎಂದು ನೋಡುವುದೇ ನಿಮ್ಮ ಕೆಲಸ ಎಂದೆ. ಲೋಹದ ಪುಡಿಯನ್ನು ಲೇಸರಿನಲ್ಲಿ ಕರಗಿಸಿ ಪದರದ ಮೇಲೆ ಪದರ ಕೂರಿಸಿ ಬಟ್ಟಲು ಮಾಡುತ್ತಾರೆ, ಅದರ ಸಣ್ಣ ಸಣ್ಣ ತೂತುಗಳೊಳಗೆ ಮೂಳೆ ಬೆಳೆದು ಹಿಡಿದುಕೊಳ್ಳುತ್ತದೆ ಎಂದಾಗ ನನಗೆ ನನ್ನ ಸೊಂಟ ಮುಟ್ಟಿ ನೋಡಿಕೊಳ್ಳಬೇಕು ಅನ್ನಿಸಿತು. ಆಮೇಲೆ ನೀನು ದನಿ ಎತ್ತರಿಸಿದೆ. “ನಮ್ಮ ಜನ ನೆಲದ ಮೇಲೆ ಕೂರುವವರು. ಕುರ್ಚಿಯಲ್ಲಿ ಕೂರುವ ದೇಶದವರಿಗೆ ಅಳತೆ ಮಾಡಿದ ಕೀಲು ನಮಗೆ ಸಾಲದು. ಗುಂಡಿನೊಳಗೆ ಗುಂಡು ತಿರುಗುವ ಕೀಲುಗಳು ಇವೆ, ಹೆಚ್ಚು ಬಗ್ಗುತ್ತವೆ, ಜಾರುವುದು ಕಡಿಮೆ. ಅವನ್ನು ನಮ್ಮವರಿಗೆ ಇನ್ನಷ್ಟು ಹೊಂದಿಸುವುದೇ ನಮ್ಮ ಸಂಶೋಧನೆ” ಎಂದೆ. ಜನ ಚಪ್ಪಾಳೆ ತಟ್ಟಿದರು. ನೀನು ನನ್ನ ಕಡೆ ಕೈ ತೋರಿಸಿ, “ನಮ್ಮಕ್ಕನೇ ಇಲ್ಲಿದ್ದಾರೆ ನೋಡಿ, ಸೊಂಟದ ಆಪರೇಷನ್ ಆಗಿ ಸ್ವತಃ ನಡೆದುಕೊಂಡು ಬಂದಿದ್ದಾರೆ, ಎದ್ದು ನಿಲ್ಲಿ ಅಕ್ಕಾ” ಎಂದೆ. ನಾನು ಎದ್ದು ನಿಂತು ಕೈ ಮುಗಿದೆ. ಮತ್ತೆ ಚಪ್ಪಾಳೆ. ಆ ಹೊತ್ತಿಗೆ ನನಗೆ ಹೊಳೆದದ್ದು ಒಂದೇ, ಅಂಥದ್ದೊಂದು ಕೀಲು ಇದ್ದರೆ ನನಗೆ ಯಾಕೆ ಹಾಕಲಿಲ್ಲ ಎಂದು. ನಿನ್ನನ್ನು ಕೇಳೋಣವೆಂದರೆ ಹಾರ ಹಾಕಿಕೊಂಡು ಫೋಟೋಕ್ಕೆ ನಿಂತಿದ್ದೆ, ಆಮೇಲೆ ರೈಲಿಗೆ ಹೊತ್ತಾಯಿತು ಎಂದು ಹೊರಟುಬಿಟ್ಟೆ.

ನನಗೆ ಆಪರೇಷನ್ ಮಾಡಿದ ಶಿವಮೊಗ್ಗದ ಡಾಕ್ಟರು ಗುರುವಾರ ತರೀಕೆರೆಗೆ ಬರುತ್ತಾರೆ. ಈ ಗುರುವಾರ ದೀಪಶ್ರೀ ರಜೆ ಹಾಕಿ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದಳು. ಎಕ್ಸ್‌ರೇ ನೋಡಿ ಬಹಳ ಚೆನ್ನಾಗಿ ಕೂತಿದೆ ಎಂದರು. ನಾನು ಅಶ್ವಿನಿಯ ವಿಷಯ ಹೇಳಿ, ನೆಲದ ಮೇಲೆ ಕೂರುವವರಿಗೆ ಬೇರೆ ಕೀಲು ಇದೆಯಂತಲ್ಲ, ನನಗೆ ಅದನ್ನು ಯಾಕೆ ಹಾಕಲಿಲ್ಲ ಎಂದು ಕೇಳಿಯೇಬಿಟ್ಟೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಏನಮ್ಮಾ, ನಿಮ್ಮ ತಮ್ಮನೇ ಹೇಳಿದ್ರಲ್ಲ. ನಮ್ಮಕ್ಕ ನೆಲದ ಮೇಲೆ ಕೂರಲ್ಲ, ಮನೇಲಿ ಡೈನಿಂಗ್ ಟೇಬಲ್ಲು, ಕಮೋಡು ಎಲ್ಲಾ ಇದೆ ಅಂತ. ಅದಕ್ಕೇ ಮಾಮೂಲಿ ಹಾಕೋದನ್ನ ಹಾಕಿದ್ವಿ. ನೆಲದ ಮೇಲೆ ಕೂರ್ತಾರೆ ಅಂದಿದ್ರೆ ಆ ಇನ್ನೊಂದನ್ನ ಯೋಚ್ನೆ ಮಾಡ್ತಿದ್ವಿ” ಎಂದರು. ಈಗ ಬದಲಾಯಿಸುವುದಕ್ಕೆ ಆಗುತ್ತದೆಯೇ ಎಂದು ಕೇಳಿದೆ. “ಚೆನ್ನಾಗಿರೋದನ್ನ ಕಿತ್ತು ಬೇರೆ ಹಾಕೋಕಾಗಲ್ಲಮ್ಮ” ಎಂದರು. ಕಾಲು ನನ್ನದು, ನನ್ನನ್ನು ಕೇಳಬೇಕಿತ್ತು ಎಂದೆ. ಹೌದಮ್ಮ, ಕೇಳಬೇಕಿತ್ತು ಎಂದರು. ಅಷ್ಟು ಮಾತು ನಿನ್ನ ಬಾಯಿಂದ ಬರುತ್ತದೋ ಇಲ್ಲವೋ ನೋಡುತ್ತೇನೆ.

ಬಸ್ಸಿನಲ್ಲಿ ಅಜ್ಜಂಪುರ ಬರುವ ತನಕ ಅದೇ ಯೋಚನೆ. ಆಪರೇಷನ್ನಿಗೆ ಮೊದಲು ಶಿವಮೊಗ್ಗಕ್ಕೆ ತೋರಿಸಲು ಹೋದ ದಿನ ಕಣ್ಣ ಮುಂದೆ ಬಂತು. ನರ್ಸು ನನ್ನನ್ನು ಪರದೆಯ ಹಿಂದೆ ಮಲಗಿಸಿ ಕಾಲು ಮಡಿಸಿ ನೀಡಿ ನೋಡುತ್ತಿದ್ದಳು, ನಾನು ಹಲ್ಲು ಕಚ್ಚಿಕೊಂಡಿದ್ದೆ. ಆ ಕಡೆ ನೀನೂ ಡಾಕ್ಟರೂ ಇಂಗ್ಲಿಷಿನಲ್ಲಿ ಮಾತಾಡಿಕೊಂಡು ನಗುತ್ತಿದ್ದಿರಿ. ನನ್ನ ತಮ್ಮನಿಗೆ ಎಷ್ಟು ಮರ್ಯಾದೆ ಕೊಡುತ್ತಾರೆ ಎಂದು ಆ ನೋವಿನಲ್ಲೂ ನನಗೆ ಹೆಮ್ಮೆಯಾಗಿತ್ತು. ಆ ಹೊತ್ತಿನಲ್ಲೇ ನೀನು ನನ್ನ ಮನೆಗೆ ಇಲ್ಲದ ಡೈನಿಂಗ್ ಟೇಬಲ್ಲು ಹಾಕಿಸುತ್ತಿದ್ದೆ. ಯಾಕೋ? ನಾಚಿಕೆಯಾಯಿತೇನೋ? ವಿಮಾನದ ವಿಜ್ಞಾನಿಯ ಅಕ್ಕ ಮಣೆ ಹಾಕಿಕೊಂಡು ಉಣ್ಣುತ್ತಾಳೆ, ಈಳಿಗೆಮಣೆ ಮುಂದೆ ಕೂತು ತರಕಾರಿ ಹೆಚ್ಚುತ್ತಾಳೆ, ಹಿತ್ತಲ ಪಾಯಖಾನೆಯಲ್ಲಿ ಕುಕ್ಕರುಗಾಲಲ್ಲಿ ಕೂರುತ್ತಾಳೆ ಎಂದು ಹೇಳಿದ್ದರೆ ಆ ಡಾಕ್ಟರು ನಿನಗೆ ಕೊಡುವ ಕಾಫಿ ಕೊಡದೆ ಇರುತ್ತಿದ್ದರೇ? ನೂರಾರು ಜನರ ಮುಂದೆ ಮೈಕಿನಲ್ಲಿ ನಮ್ಮ ಜನ ನೆಲದ ಮೇಲೆ ಕೂರುವವರು ಎಂದು ಹೇಳುವುದಕ್ಕೆ ನಿನಗೆ ನಾಚಿಕೆ ಇಲ್ಲ, ಅದರಿಂದ ಹೆಸರು ಬರುತ್ತದೆ. ನಾಲ್ಕು ಗೋಡೆಯೊಳಗೆ ಒಬ್ಬ ಡಾಕ್ಟರ ಮುಂದೆ ನಮ್ಮಕ್ಕ ನೆಲದ ಮೇಲೆ ಕೂರುತ್ತಾಳೆ ಎನ್ನಲು ನಾಲಿಗೆ ಹೊರಳಲಿಲ್ಲ. ನಿನ್ನ ಭಾಷಣದಲ್ಲಿ ನಮ್ಮ ಜನ ಅಂದರೆ ಯಾರು, ಅದರಲ್ಲಿ ನಾನು ಇಲ್ಲವೇ?

ಆಪರೇಷನ್ ಆಗಿ ಮನೆಗೆ ಬಂದಾಗಿನಿಂದ ಏನೇನು ಆಗಿದೆ ಎಂದು ನೀನು ಕೇಳಲಿಲ್ಲ. ಎಲ್ಲರೂ ಸಾಲಾಗಿ ಕೆಳಗೆ ಉಣ್ಣಲು ಕೂತಾಗ ನಾನೊಬ್ಬಳೇ ಮೂಲೆಯಲ್ಲಿ ಅಮಲ್ದಾರರ ಹಾಗೆ ಕುರ್ಚಿ ಮೇಲೆ. ಬಡಿಸುವವರು ಪ್ರತಿ ಸಲ ನನ್ನನ್ನು ಮರೆಯುತ್ತಾರೆ, ಯಾಕೆಂದರೆ ಅವರು ನೋಡುವುದು ಕೆಳಗೆ. ಪೂಜೆಯನ್ನು ಕುರ್ಚಿಯಲ್ಲೇ ಕೂತು ಮಾಡಿ, ಲಿಂಗಯ್ಯನಿಗೆ ಕುರ್ಚಿ ನೆಲ ಎಂಬ ಭೇದವಿಲ್ಲ ಎಂದು ಮಠದ ಸ್ವಾಮಿಗಳು ಹೇಳಿದರು. ಸರಿ, ಒಪ್ಪಿಕೊಂಡೆ. ನಾಳೆ ನಾನು ಸತ್ತರೆ ನಮ್ಮವರು ಮಲಗಿಸಿ ಮಣ್ಣು ಮಾಡುವವರಲ್ಲ. ಕಾಲು ಮಡಿಸಿ ಕೂರಿಸಿ, ಅಂಗೈಯಲ್ಲಿ ಲಿಂಗ ಇಟ್ಟು ಮಣ್ಣು ಮಾಡುತ್ತಾರೆ. ಅವತ್ತು ಆ ಗುಂಡು ಜಾರಿದರೆ ಜಾರಲಿ, ನನಗೇನೂ ನೋವಾಗುವುದಿಲ್ಲ. ಸತ್ತ ಮೇಲೆ ನೆಲದ ಮೇಲೆ ಕೂರಲು ನನಗೆ ಅಪ್ಪಣೆ ಇದೆ, ಬದುಕಿದ್ದಾಗ ಇಲ್ಲ. ಇಂಥ ಮಾತು ಬರೆಯಬೇಡಿ ಅತ್ತೆ ಎಂದು ದೀಪಶ್ರೀ ಈಗ ಹಿಂದಿನಿಂದ ಇಣುಕಿ ಹೇಳಿದಳು. ಅವಳನ್ನು ಅಡುಗೆಮನೆಗೆ ಕಳಿಸಿದ್ದೇನೆ.

ನೀನು ಉಪಕಾರ ಮಾಡಿಲ್ಲ ಎಂದು ನಾನು ಹೇಳುವುದಿಲ್ಲ. ಆ ಬಲಸೊಂಟದ ನೋವಿನಲ್ಲಿ ನಾನು ಗೋಡೆ ಹಿಡಿದು ನಡೆಯುತ್ತಿದ್ದೆ, ಮಗ್ಗುಲು ಬದಲಿಸಿದರೆ ಜೀವ ಹೋಗುತ್ತಿತ್ತು. ಈಗ ಸಂತೆಗೆ ನಡೆದು ಹೋಗಿ ಬರುತ್ತೇನೆ. ನೀನು ಓಡಾಡಿ, ಡಾಕ್ಟರನ್ನು ಹಿಡಿದು, ರಜೆ ಹಾಕಿ ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿದ್ದೆ. ಅದೆಲ್ಲ ನನ್ನ ಮನಸ್ಸಿನಲ್ಲಿದೆ. ಅದಕ್ಕೇ ನನಗೆ ಇಷ್ಟು ಸಿಟ್ಟು. ಯಾರೋ ಹೊರಗಿನವನು ಹೀಗೆ ಮಾಡಿದ್ದರೆ ಬೈದು ಬಿಟ್ಟುಬಿಡುತ್ತಿದ್ದೆ. ಲೋಹ ಎಷ್ಟು ಸಲ ಬಗ್ಗುತ್ತದೆ ಎಂದು ಜನ್ಮವೆಲ್ಲ ಎಣಿಸಿದವನು, ನಿನ್ನ ಅಕ್ಕ ದಿನಕ್ಕೆ ಎಷ್ಟು ಸಲ ಬಗ್ಗುತ್ತಾಳೆ ಎಂದು ಒಂದು ಸಲ ಯೋಚಿಸಲಿಲ್ಲ. ಇನ್ನು ಮುಂದೆ ನಿನ್ನ ಜೊತೆ ಕೆಲಸ ಮಾಡುವ ಡಾಕ್ಟರುಗಳಿಗೆ ಹೇಳು, ಕಾಯಿಲೆಯವರ ಜೊತೆ ಬಂದವರನ್ನು ಕೇಳಬೇಡಿ, ಮಂಚದ ಮೇಲೆ ಮಲಗಿದವರನ್ನು ಕೇಳಿ ಎಂದು. ಮುಂದಿನ ಸಲ ಎಲ್ಲಿ ಭಾಷಣ ಮಾಡಿದರೂ ನನ್ನನ್ನು ಎದ್ದು ನಿಲ್ಲಿಸಬೇಡ. ನಿಲ್ಲಿಸಿದರೆ ನಾನು ಕೈ ಮುಗಿದು ಸುಮ್ಮನಾಗುವುದಿಲ್ಲ, ಮೈಕು ಇಸಕೊಳ್ಳುತ್ತೇನೆ.

ಯಶೋದಾಳಿಗೆ ನನ್ನ ಆಶೀರ್ವಾದ ತಿಳಿಸು. ಅವಳ ಮೇಲೆ ನನಗೆ ಯಾವ ಬೇಜಾರೂ ಇಲ್ಲ, ಬೇಕಾದರೆ ಈ ಕಾಗದವನ್ನು ಅವಳಿಗೂ ಓದಿಸು. ಓದಿಸುವುದಿಲ್ಲ ಎಂದು ಗೊತ್ತು, ಅದಕ್ಕೇ ಅವಳಿಗೆ ಬೇರೆ ಫೋನ್ ಮಾಡಿ ಹೇಳುತ್ತೇನೆ. ಊಟ ಬಿಡಬೇಡ, ಸಿಟ್ಟಿಗೆ ಸಿಟ್ಟು ಮಾಡಿಕೊಂಡು ಬಿ.ಪಿ. ಏರಿಸಿಕೊಳ್ಳಬೇಡ. ಶಿವ ನಿನಗೆ ಆಯುಷ್ಯವನ್ನೂ ಸ್ವಲ್ಪ ಬುದ್ಧಿಯನ್ನೂ ಕೊಡಲಿ.

ನಿನ್ನ ಅಕ್ಕ
ವಿಶಾಲಾಕ್ಷಿ

ಮರೆತಿದ್ದೆ. ಕವರು ಅಂಟಿಸುವ ಮೊದಲು ಅವಸರದಲ್ಲಿ ಬರೆಯುತ್ತಿದ್ದೇನೆ. ಯುಗಾದಿಗೆ ರಜೆ ಹಾಕಿ ಬಾ, ಒಂದು ದಿನ ಎರಡು ದಿನದ್ದಲ್ಲ, ಉದ್ದನೆಯ ರಜೆ. ಅಶ್ವಿನಿಯ ಮಗುವನ್ನು ಎರೆಯುವುದು ನೀನು. ನಿನ್ನ ಎರಡು ಸೊಂಟವೂ ದೇವರು ಕೊಟ್ಟದ್ದೇ ಇವೆ, ಯಾವುದೂ ಜಾರುವುದಿಲ್ಲ. ಪಂಚೆ ತಾ, ಪ್ಯಾಂಟಿನಲ್ಲಿ ಆಗುವುದಿಲ್ಲ. ನಾನು ಬಚ್ಚಲ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಹೇಗೆ ಹಿಡಿಯಬೇಕು, ಎಷ್ಟು ಬಿಸಿ ಇರಬೇಕು ಎಂದು ಹೇಳಿಕೊಡುತ್ತೇನೆ. ಗಂಡಸು ಎರೆಯುತ್ತಾನಂತೆ ಎಂದು ಬೀದಿಯವರು ನೋಡಲು ಬರುತ್ತಾರೆ, ಬರಲಿ. ಅಶ್ವಿನಿ ಒಪ್ಪಿದ್ದಾಳೆ, “ಮಾವನ ಕೈ ನಡುಗ್ದಿದ್ರೆ ಸಾಕು” ಎಂದಳು. ಈಗಿನಿಂದಲೇ ದಿನಾ ಸ್ವಲ್ಪ ಹೊತ್ತು ಕಾಲು ನೀಡಿಕೊಂಡು ನೆಲದ ಮೇಲೆ ಕೂತು ಅಭ್ಯಾಸ ಮಾಡಿಕೋ.